ಕತ್ತಲಿಗೆ ಎಷ್ಟು ಬೆಳಕು ಸಾಕು?

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಸ್ಲೀಪರ್ ಬಸ್ಸು ಹಾಸನ ದಾಟಿ ಸಕಲೇಶಪುರದ ಹತ್ತಿರ ಬಂದಿದೆ. ಒಳಗಿನ ದೀಪಗಳು ಆರಿ ಬಹಳ ಹೊತ್ತಾಗಿದೆ. ಪರದೆಗಳನ್ನೆಲ್ಲ ಎಳೆದುಕೊಂಡು ಜನ ಮಲಗಿದ್ದಾರೆ. ಮೇಲಿನ ಬರ್ತಿನಲ್ಲಿ ಒಬ್ಬರಿಗೆ ಎಚ್ಚರವಾಗುತ್ತದೆ. ಗಂಟೆ ಎಷ್ಟಾಯಿತೋ ನೋಡೋಣವೆಂದು ಕೈ ಎತ್ತುತ್ತಾರೆ. ಮಣಿಕಟ್ಟಿನ ಮೇಲೆ ಬಿಳಿಯ ಚೌಕವೊಂದು ಧಗ್ಗನೆ ಹೊತ್ತಿಕೊಳ್ಳುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅರೆಗಣ್ಣು ಬಿಟ್ಟು ಅಂಕಿ ಓದುವಷ್ಟರಲ್ಲಿ ಸ್ಕ್ರೀನು ಆರಿಹೋಗಿರುತ್ತದೆ. ಈಗ ಕತ್ತಲು ಮೊದಲಿಗಿಂತ ದಟ್ಟ. ತಲೆಯ ಪಕ್ಕದಲ್ಲಿಟ್ಟ ನೀರಿನ ಬಾಟಲಿ ಎಲ್ಲಿದೆಯೆಂದು ತಡಕಾಡಬೇಕು. ಎದುರು ಬರ್ತಿನವರು ಗೊಣಗುತ್ತ ಮಗ್ಗುಲು ಬದಲಿಸುತ್ತಾರೆ.

ಮರುದಿನ ಅದೇ ವಾಚಿನ ಬ್ರೈಟ್‌ನೆಸ್ಸನ್ನು ಪೂರ್ತಿ ಇಳಿಸಿದರೆ ಇನ್ನೊಂದು ತಾಪತ್ರಯ. ಗಂಟೆಯ ಅಂಕಿ ಹೇಗೋ ಕಾಣುತ್ತದೆ, ಅದರ ಕೆಳಗಿನ ಬೂದುಬಣ್ಣದ ತಾರೀಕು, ಹೆಜ್ಜೆಗಳ ಲೆಕ್ಕ, ಬ್ಯಾಟರಿಯ ಗುರುತು ಎಲ್ಲ ಕಪ್ಪಿನಲ್ಲಿ ಕರಗಿಹೋಗಿರುತ್ತವೆ. ಹೆಚ್ಚಾದರೆ ಕಣ್ಣು ಕುಕ್ಕುತ್ತದೆ, ಕಡಿಮೆಯಾದರೆ ಓದಲಾಗುವುದಿಲ್ಲ. ವಾಚು ಮಾರುವವರು ಮಾತ್ರ 1000 ನಿಟ್ಸ್, 2000 ನಿಟ್ಸ್ ಎಂದು ಏರುವ ಲೆಕ್ಕವನ್ನೇ ಕೂಗುತ್ತಿದ್ದಾರೆ. ರಾತ್ರಿ ನಮಗೆ ಬೇಕಾದದ್ದು ಆ ಬೆಳಕು ಎಷ್ಟು ಚೆನ್ನಾಗಿ ಇಳಿಯುತ್ತದೆ ಎಂಬ ಲೆಕ್ಕ. ಅದನ್ನು ಡಬ್ಬಿಯ ಮೇಲೆ ಹುಡುಕಿದರೂ ಸಾಮಾನ್ಯವಾಗಿ ಸಿಗುವುದಿಲ್ಲ.

ನಿಟ್ ಎಂಬ ಅಳತೆ

ಸ್ಕ್ರೀನು ಎಷ್ಟು ಬೆಳಗುತ್ತದೆ ಎಂಬುದರ ಅಳತೆ ನಿಟ್. ಒಂದು ಚದರ ಮೀಟರ್ ಹರವಿನಿಂದ ಒಂದು ಕ್ಯಾಂಡೆಲಾ, ಅಂದರೆ ಸುಮಾರಾಗಿ ಒಂದು ಮೇಣದಬತ್ತಿಯಷ್ಟು ಬೆಳಕು ಹೊಮ್ಮಿದರೆ ಅದು ಒಂದು ನಿಟ್. ವ್ಯಾಖ್ಯೆಯನ್ನು ಮರೆತರೂ ನಷ್ಟವಿಲ್ಲ, ಈ ಕೆಲವು ಅಂಕಿಗಳು ನೆನಪಿದ್ದರೆ ಸಾಕು.

ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಹಾಳೆಯೊಂದನ್ನು ಹಿಡಿದರೆ ಅದು ಸುಮಾರು 25,000 ನಿಟ್ಸ್‌ನಷ್ಟು ಬೆಳಗುತ್ತದೆ. ರಾತ್ರಿ ಮನೆಯ ಸಾಧಾರಣ ದೀಪದಡಿ ಅದೇ ಹಾಳೆ 25ರಿಂದ 50 ನಿಟ್ಸ್. ಹುಣ್ಣಿಮೆಯ ಬೆಳದಿಂಗಳಲ್ಲಿ ಒಂದು ನಿಟ್‌ನ ಇಪ್ಪತ್ತನೇ ಒಂದು ಪಾಲು. ಬಿಸಿಲಿಗೂ ಬೆಳದಿಂಗಳಿಗೂ ನಡುವೆ ಐದು ಲಕ್ಷ ಪಟ್ಟು ಅಂತರ! ಈ ಎರಡರಲ್ಲೂ ನಮ್ಮ ಕಣ್ಣು ಹಾಳೆಯನ್ನು ಹಾಳೆಯೆಂದೇ ಗುರುತಿಸುತ್ತದೆ. ಅದಕ್ಕೆ ತಕ್ಕಂತೆ ಏರಿಳಿಯುವ ಕೆಲಸ ವಾಚಿನದು.

ಇನ್ನೊಂದು ಅಂಕಿ ಸ್ವಾರಸ್ಯದ್ದು. ಡಿಜಿಟಲ್ ಚಿತ್ರಮಂದಿರದ ತೆರೆಯ ಅತಿ ಬಿಳಿಯಾದ ಭಾಗ ಎಷ್ಟು ಬೆಳಗಬೇಕೆಂದು ಮಾನದಂಡವಿದೆ: 48 ನಿಟ್ಸ್. ಅಷ್ಟೆ. ಸಿನಿಮಾ ನೋಡುತ್ತ ಪಾಪ್‌ಕಾರ್ನಿಗೆ ಕೈ ಹಾಕಿದವರ ವಾಚು 500 ನಿಟ್ಸ್‌ನಲ್ಲಿ ಹೊತ್ತಿಕೊಂಡರೆ ಅದು ತೆರೆಯ ಮೇಲಿನ ಬಿಳುಪಿಗಿಂತ ಹತ್ತು ಪಟ್ಟು ಪ್ರಖರ. ಹಿಂದಿನ ಸಾಲಿನವರು ಸಿಡುಕಿದರೆ ತಪ್ಪು ಅವರದಲ್ಲ.

ಹಾಗಾದರೆ ಇಷ್ಟೊಂದು ನಿಟ್ಸ್ ಯಾಕೆ ಬೇಕಾಯಿತು? ಬಿಸಿಲಿಗಾಗಿ. ಗಾಜಿನ ಮೇಲೆ ಬಿದ್ದು ಚಿಮ್ಮುವ ಬಿಸಿಲನ್ನು ಮೀರಿ ಅಂಕಿ ಕಾಣಬೇಕಾದರೆ ಸ್ಕ್ರೀನಿಗೆ ಕಸುವು ಬೇಕು. ಆಪಲ್ ಕಂಪನಿ 2016ರ ವಾಚಿನಲ್ಲಿ 1000 ನಿಟ್ಸ್ ಕೊಟ್ಟಿತು, 2022ರ ಅಲ್ಟ್ರಾದಲ್ಲಿ 2000, ಮರುವರ್ಷದ ಅಲ್ಟ್ರಾ 2ರಲ್ಲಿ 3000. 2024ರಲ್ಲಿ ಸ್ಯಾಮ್‌ಸಂಗ್ ಕೂಡ 3000 ಮುಟ್ಟಿತು. ಗದ್ದೆಯಲ್ಲಿ, ಬೈಕಿನ ಮೇಲೆ, ಓಟದ ಟ್ರ್ಯಾಕಿನಲ್ಲಿ ಇದರ ಉಪಯೋಗ ನಿಜವಾದದ್ದೇ. ಆದರೆ ದಿನದ ಅರ್ಧ ಹೊತ್ತು ನಾವು ಬಿಸಿಲಿನಲ್ಲಿ ಇರುವುದಿಲ್ಲವಲ್ಲ.

ರೇಡಿಯಂ ಮುಳ್ಳಿನಿಂದ ಕೆಂಪು ಅಂಕಿಯವರೆಗೆ

ಕತ್ತಲಲ್ಲಿ ಗಂಟೆ ನೋಡುವ ಆಸೆ ಹೊಸದಲ್ಲ. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದನ್ನು ಸತುವಿನ ಸಲ್ಫೈಡ್ ಜೊತೆ ಬೆರೆಸಿದ ಹೊಳೆಯುವ ಬಣ್ಣ ತಯಾರಾಯಿತು. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೂತ ಸೈನಿಕರಿಗೆ ದೀಪ ಹಚ್ಚದೆ ಹೊತ್ತು ತಿಳಿಯಬೇಕಿತ್ತು, ಬಣ್ಣಕ್ಕೆ ಬೇಡಿಕೆ ಏರಿತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಎಳೆಯ ಹೆಣ್ಣುಮಕ್ಕಳು ಗಡಿಯಾರದ ಅಂಕಿಗಳ ಮೇಲೆ ಈ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಯ ನಡುವೆ ಇಟ್ಟು ಎಳೆಯಲು ಅವರಿಗೆ ಕಲಿಸಿದ್ದರು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಗುತ್ತಿತ್ತು. ರೇಡಿಯಂ ದೇಹದೊಳಗೆ ಕ್ಯಾಲ್ಸಿಯಂನಂತೆ ವರ್ತಿಸಿ ಮೂಳೆಯಲ್ಲಿ ನೆಲೆಯಾಗುತ್ತದೆ. ಹಲ್ಲು ಉದುರಿದವು, ದವಡೆ ಕೊಳೆಯಿತು, ಹಲವರು ಸತ್ತರು. ಗ್ರೇಸ್ ಫ್ರೈಯರ್ ಮತ್ತು ಇನ್ನು ನಾಲ್ವರು ಮಹಿಳೆಯರು ಮೊಕದ್ದಮೆ ಹೂಡಿದರು. 1928ರಲ್ಲಿ ಕಂಪನಿ ಪರಿಹಾರ ಕೊಟ್ಟು ರಾಜಿಯಾಯಿತು. ಕೆಲಸದ ಜಾಗದ ಸುರಕ್ಷತೆಯ ಚರಿತ್ರೆಯಲ್ಲಿ ಈ ಪ್ರಕರಣವನ್ನು ಇಂದಿಗೂ ಹೆಸರಿಸುತ್ತಾರೆ.

ಆ ಕಾಲದ ಗಡಿಯಾರಗಳು ಈಗ ಹೊಳೆಯುವುದಿಲ್ಲ, ಯಾಕೆಂದರೆ ಸತುವಿನ ಸಲ್ಫೈಡ್ ಸವೆದುಹೋಗಿದೆ. ರೇಡಿಯಂ ಸವೆದಿಲ್ಲ. ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಹಳೆಯ ವಾಚು ಸಂಗ್ರಹಿಸುವ ಹವ್ಯಾಸವಿದ್ದವರು ಅಂಥದ್ದರ ಗಾಜು ಬಿಚ್ಚದಿರುವುದು ಒಳ್ಳೆಯದು.

ರೇಡಿಯಂ ಬದಲು, ವಿಕಿರಣ ಸೂಸುವ ಇನ್ನೊಂದು ವಸ್ತುವಾದ ಟ್ರಿಟಿಯಂ ಬಂತು. 1993ರಲ್ಲಿ ಜಪಾನಿನ ನೆಮೋಟೊ ಕಂಪನಿ ವಿಕಿರಣವೇ ಇಲ್ಲದ, ಹಗಲ ಬೆಳಕನ್ನು ಹೀರಿ ಇರುಳಿನಲ್ಲಿ ಬಿಡುವ ಸ್ಟ್ರಾನ್ಶಿಯಂ ಅಲ್ಯುಮಿನೇಟ್ ತಂದಿತು. ನಮ್ಮಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆಯ 'ಪೈಲಟ್' ಮಾದರಿಯ ಕಪ್ಪು ಮುಖ, ಅದರ ಮೇಲಿನ ದಪ್ಪ ಹಸಿರು ಅಂಕಿಗಳು ಅನೇಕರಿಗೆ ನೆನಪಿರಬಹುದು. ಕಪ್ಪು ಹಿನ್ನೆಲೆ, ದಪ್ಪ ಅಂಕಿ, ಮಂದ ಬೆಳಕು. ಕತ್ತಲ ಓದಿಗೆ ಬೇಕಾದ ಮೂರೂ ಅಲ್ಲಿದ್ದವು.

ಡಿಜಿಟಲ್ ಯುಗ ಶುರುವಾದದ್ದು ಕೆಂಪು ಬೆಳಕಿನಿಂದ. 1972ರಲ್ಲಿ ಮಾರಾಟಕ್ಕೆ ಬಂದ ಪಲ್ಸರ್ ವಾಚಿನ ಬೆಲೆ 2100 ಡಾಲರ್. ಗುಂಡಿ ಒತ್ತಿದರಷ್ಟೇ ಕೆಂಪು ಎಲ್‌ಇಡಿ ಅಂಕಿಗಳು ಮಿನುಗುತ್ತಿದ್ದವು, ಸದಾ ಉರಿಸಿದರೆ ಬ್ಯಾಟರಿ ತಡೆಯುತ್ತಿರಲಿಲ್ಲ. ಕತ್ತಲಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು, ಬಿಸಿಲಿನಲ್ಲಿ ಸೋಲುತ್ತಿತ್ತು. ಅನಂತರ ಬಂದ ಎಲ್‌ಸಿಡಿ ಇದಕ್ಕೆ ತದ್ವಿರುದ್ಧ: ಬಿಸಿಲಿನಲ್ಲಿ ಗೆದ್ದು ಕತ್ತಲಲ್ಲಿ ಕಾಣೆಯಾಯಿತು. 1992ರಲ್ಲಿ ಟೈಮೆಕ್ಸ್‌ನ ಇಂಡಿಗ್ಲೋ ಇಡೀ ಮುಖವನ್ನು ನೀಲಿ ಬೆರೆತ ಹಸಿರಿನಲ್ಲಿ ಮಂದವಾಗಿ ಬೆಳಗಿಸಿ ಆ ಕೊರತೆ ತುಂಬಿತು.

ಕತ್ತಲಿಗೆ ಒಗ್ಗುವ ಕಣ್ಣು

ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನವು. ಬಣ್ಣ, ಸೂಕ್ಷ್ಮ ಗೆರೆ, ಅಕ್ಷರ ಇವುಗಳ ಪಾಲು. ಸುಮಾರು 12 ಕೋಟಿ ದಂಡಕೋಶಗಳು ಇರುಳಿನವು. ಅತಿ ಕಡಿಮೆ ಬೆಳಕನ್ನೂ ಹಿಡಿಯುತ್ತವೆ, ಆದರೆ ಅವುಗಳಿಗೆ ಬಣ್ಣ ತಿಳಿಯದು, ಅಕ್ಷರ ಓದಲೂ ಬಾರದು. ನಾವು ದಿಟ್ಟಿಸಿ ನೋಡುವಾಗ ಬಳಸುವ ನಡುಬಿಂದುವಿನಲ್ಲಿ ದಂಡಕೋಶಗಳೇ ಇಲ್ಲ. ಹಾಗಾಗಿ ಎಂಥ ಕತ್ತಲಲ್ಲೂ ಅಂಕಿ ಓದಬೇಕಾದರೆ ಶಂಕುಕೋಶಗಳು ಎಚ್ಚರಗೊಳ್ಳುವಷ್ಟು ಬೆಳಕು ಬೇಕೇ ಬೇಕು. ಅದಕ್ಕಿಂತ ಹೆಚ್ಚಾದದ್ದು ದಂಡಕೋಶಗಳಿಗೆ ಹೊಡೆತ.

ಹಳೇಬೀಡಿನ ದೇವಾಲಯದ ಅಂಗಳದಲ್ಲಿ ಸುಡುಬಿಸಿಲಿನಲ್ಲಿ ನಿಂತಿದ್ದು ಒಳಗೆ ಕಾಲಿಟ್ಟವರಿಗೆ ಮೊದಲು ಕಂಬಗಳೂ ಕಾಣುವುದಿಲ್ಲ. ಒಂದೆರಡು ನಿಮಿಷಕ್ಕೆ ಕಂಬ ಮೂಡುತ್ತದೆ, ಇನ್ನಷ್ಟು ಹೊತ್ತಿಗೆ ಅದರ ಮೇಲಿನ ಕೆತ್ತನೆ. ದಂಡಕೋಶದ ರೊಡಾಪ್ಸಿನ್ ಎಂಬ ವಸ್ತು ಬೆಳಕಿಗೆ ಒಡೆದು ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಒಗ್ಗಲು ಸುಮಾರು ಅರ್ಧ ಗಂಟೆ. ಹಾಗೆ ಒಗ್ಗಿದ ಕಣ್ಣಿಗೆ ಹಠಾತ್ತನೆ ವಾಚಿನ ಪ್ರಖರ ಮುಖ ಎದುರಾದರೆ, ನೋಡಿದ ಜಾಗದಲ್ಲಿ ಸೂಕ್ಷ್ಮತೆ ಕುಸಿಯುತ್ತದೆ. ಸ್ವಲ್ಪ ಹೊತ್ತು ಕಣ್ಣ ಮುಂದೆ ಮಬ್ಬು ಚೌಕವೊಂದು ತೇಲುತ್ತಿರುತ್ತದೆ.

ವಯಸ್ಸು ಇದಕ್ಕೆ ತನ್ನದನ್ನೂ ಸೇರಿಸುತ್ತದೆ. ಹರೆಯದಲ್ಲಿ ಕತ್ತಲಿಗೆ ಪಾಪೆ ಎಂಟು ಮಿಲಿಮೀಟರಿನವರೆಗೂ ಅರಳುತ್ತದೆ. ವಯಸ್ಸಾದಂತೆ ಅಷ್ಟು ಅರಳುವುದಿಲ್ಲ, ಮಸೂರವೂ ಹಳದಿಗಟ್ಟುತ್ತದೆ. ಇಪ್ಪತ್ತರವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರಿಗೆ ಸಿಗುತ್ತದೆ. ಹಾಗಾದರೆ ಅವರಿಗೆ ಬ್ರೈಟ್‌ನೆಸ್ ಏರಿಸಿಬಿಡಬಹುದಲ್ಲ ಎಂದರೆ, ಅದೇ ಮಸೂರ ಬೆಳಕನ್ನು ಚದುರಿಸಿ ಕಣ್ಣು ಕುಕ್ಕುವುದನ್ನೂ ಹೆಚ್ಚಿಸುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಬೇರೆ. ರಾತ್ರಿ ಕನ್ನಡಕ ತಲೆದಿಂಬಿನಡಿ ಇರುತ್ತದೆ! ಅಪ್ಪ, ಅಮ್ಮನಿಗೆ ವಾಚು ಕೊಡಿಸುವವರು ಬೆಳಕಿಗಿಂತ ಮೊದಲು ಅಂಕಿಯ ಗಾತ್ರ ನೋಡಬೇಕು.

ಇಳಿಸುವುದೇ ಕಷ್ಟ

ಬೆಳಕು ಏರಿಸಲು ವಿದ್ಯುತ್ ಬೇಕು, ಇಳಿಸಲು ಏನು ಬೇಕು ಎನಿಸಬಹುದು. ಆದರೆ ಎಂಜಿನಿಯರುಗಳು ತಿಣುಕುವುದು ಇಲ್ಲೇ.

ಇಂದಿನ ಹೆಚ್ಚಿನ ಸ್ಮಾರ್ಟ್‌ವಾಚುಗಳಲ್ಲಿ ಇರುವುದು ಅಮೊಲೆಡ್ ಸ್ಕ್ರೀನು. ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಉರಿಯುತ್ತಿದ್ದು, ಮುಂದಿನ ಪದರ ಅದನ್ನು ತಡೆದು ಕಪ್ಪು ಮಾಡುತ್ತದೆ. ತಡೆ ಪೂರ್ತಿಯಾಗದೆ ಕಪ್ಪು ತುಸು ಬೂದಾಗಿಯೇ ಉಳಿಯುತ್ತದೆ. ಅಮೊಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದ ಕಡೆ ಚುಕ್ಕೆ ಆರಿರುತ್ತದೆ. ಕತ್ತಲ ಕೋಣೆಗೆ ಇದು ಹೇಳಿ ಮಾಡಿಸಿದ್ದು.

ತೊಡಕು ಇಷ್ಟು: 466ಕ್ಕೆ 466 ಚುಕ್ಕೆಗಳ ದುಂಡು ಸ್ಕ್ರೀನನ್ನು ನಡೆಸುವುದೆಂದರೆ ಎರಡು ಲಕ್ಷದಷ್ಟು ಪುಟ್ಟ ದೀಪಗಳಿಗೆ ಸಮನಾಗಿ ವಿದ್ಯುತ್ ಹಂಚುವುದು. ಜೋರಾಗಿ ಉರಿಯುವಾಗ ಅವುಗಳ ನಡುವಿನ ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಅತಿ ಕಡಿಮೆ ವಿದ್ಯುತ್ತಿನಲ್ಲಿ ಒಂದು ಚುಕ್ಕೆ ಉರಿದು ಪಕ್ಕದ್ದು ಅರ್ಧ ಉರಿದು ಸ್ಕ್ರೀನಿನ ಮೇಲೆ ಕಲೆ ಕಲೆಯಾಗಿ ಕಾಣುತ್ತದೆ. ಬೂದುಬಣ್ಣ ಹಸಿರಿಗೋ ಗುಲಾಬಿಗೋ ತಿರುಗುತ್ತದೆ, ಗಾಢ ಬೂದು ಪೂರ್ತಿ ಕಪ್ಪಾಗಿಬಿಡುತ್ತದೆ. ತಾರೀಕು ಕಾಣೆಯಾಗುವುದು ಹೀಗೆ.

ಇದಕ್ಕೊಂದು ಉಪಾಯವಿದೆ. ವಿದ್ಯುತ್ತನ್ನು ತೀರ ಇಳಿಸುವ ಬದಲು ಚುಕ್ಕೆಗಳನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವುದು. ಆರಿರುವ ಹೊತ್ತು ಹೆಚ್ಚಿದಷ್ಟೂ ಕಣ್ಣಿಗೆ ಮಂದ. ಕತ್ತಲಲ್ಲಿ ವಾಚಿನ ಕೈಯನ್ನು ಆ ಕಡೆ ಈ ಕಡೆ ಬೀಸಿ ನೋಡಿ, ಅಂಕಿಗಳು ಗೆರೆಯಾಗಿ ಎಳೆಯದೆ ತುಂಡುತುಂಡಾಗಿ ಕಂಡರೆ ಈ ಮಿಟುಕಾಟ ನಡೆದಿದೆ ಎಂದರ್ಥ. ಬಹಳ ಜನರಿಗೆ ಇದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ತಲೆನೋವು ಬರುತ್ತದೆ.

ಓಟಗಾರರು, ಚಾರಣಿಗರು ಇಷ್ಟಪಡುವ ಇನ್ನೊಂದು ಬಗೆಯ ಸ್ಕ್ರೀನಿದೆ. ಅದು ಬಿಸಿಲನ್ನೇ ಪ್ರತಿಫಲಿಸಿ ಓದಿಸುತ್ತದೆ, ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ. ಸಂಜೆಯ ಮಬ್ಬಿನಲ್ಲಿ ಮಾತ್ರ ಅದು ಸಪ್ಪೆ. ದೀಪದ ಗುಂಡಿ ಒತ್ತಲೇಬೇಕು.

ಗಾಜಿನಡಿಯ ಸೆನ್ಸರ್

ಒಳ್ಳೆಯ ವಾಚುಗಳಲ್ಲಿ ಸುತ್ತಲಿನ ಬೆಳಕನ್ನು ಅಳೆದು ಬ್ರೈಟ್‌ನೆಸ್ಸನ್ನು ತಾನೇ ಹೊಂದಿಸುವ ಸೆನ್ಸರ್ ಇರುತ್ತದೆ. ಕಪ್ಪು ಗಾಜಿನಡಿ ಕೂತ ಆ ಪುಟ್ಟ ಸೆನ್ಸರಿಗೆ ಕತ್ತಲಲ್ಲಿ ಸಿಗುವ ಬೆಳಕೇ ಅತ್ಯಲ್ಪ, ಅಳತೆ ತಪ್ಪುವುದು ಅಲ್ಲೇ. ಅಂಗಿಯ ತೋಳು ಮುಚ್ಚಿಕೊಂಡರೆ ಅದರ ಪಾಲಿಗೆ ನಡುಹಗಲೂ ರಾತ್ರಿ. ದಾರಿದೀಪವೊಂದು ಹಾದುಹೋದರೆ ಕ್ಷಣಕಾಲ ಹಗಲು. ಹೀಗೆ ಪ್ರತಿ ದೀಪಕ್ಕೂ ಸ್ಕ್ರೀನು ಕುಣಿಯಬಾರದೆಂದು ತಂತ್ರಾಂಶ ಬೇಕೆಂದೇ ತಡಮಾಡುತ್ತದೆ. ಬೆಳಕಿಗೆ ಬಂದಾಗ ಬೇಗ ಏರುತ್ತದೆ, ಕತ್ತಲಿಗೆ ಹೋದಾಗ ನಿಧಾನ ಇಳಿಯುತ್ತದೆ. ಕಣ್ಣು ಕತ್ತಲಿಗೆ ಒಗ್ಗುವುದೂ ನಿಧಾನವಾದ್ದರಿಂದ ಇದು ಸರಿಯಾದ ಕ್ರಮವೇ.

ಅಗ್ಗದ ವಾಚುಗಳಲ್ಲಿ ಅನೇಕಕ್ಕೆ ಈ ಸೆನ್ಸರೇ ಇಲ್ಲ. ಬೆರಳೆಣಿಕೆಯ ಮಟ್ಟಗಳಲ್ಲಿ ನಾವೇ ಏರಿಸಿ ಇಳಿಸಬೇಕು. ಮಧ್ಯಾಹ್ನ ಏರಿಸಿದ್ದನ್ನು ರಾತ್ರಿ ಇಳಿಸಲು ಯಾರಿಗೆ ನೆನಪಿರುತ್ತದೆ? ಕಣ್ಣು ಅನುಪಾತವನ್ನು ಗ್ರಹಿಸುತ್ತದೆ: 1000ದಿಂದ 1010ಕ್ಕೆ ಏರಿದ್ದು ಗೊತ್ತೇ ಆಗುವುದಿಲ್ಲ, 1ರಿಂದ 11ಕ್ಕೆ ಏರಿದ್ದು ಕಣ್ಣಿಗೆ ರಾಚುತ್ತದೆ. ಆದ್ದರಿಂದ ಮಟ್ಟಗಳು ಹೆಚ್ಚು ಬೇಕಾದದ್ದು ಕೆಳಗಿನ ತುದಿಯಲ್ಲಿ.

ಅಂಕಿಯ ಬಣ್ಣ, ಅಂಕಿಯ ದಪ್ಪ

ವಾಚಿನ ಮುಖ ಆರಿಸುವಾಗ ನೀಲಿ ಅಂಕಿ ಚಂದ ಕಾಣುತ್ತದೆ. ಅಂಗಡಿಯ ದೀಪದಲ್ಲಿ, ಅಷ್ಟೆ. ದೃಷ್ಟಿಯ ನಟ್ಟನಡುವೆ ನೀಲಿಗೆ ಸ್ಪಂದಿಸುವ ಶಂಕುಕೋಶಗಳು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಸಣ್ಣ ಅಕ್ಷರ ಬೀಳುವುದು ಅಲ್ಲೇ. ಕಪ್ಪಿನ ಮೇಲೆ ತೆಳು ನೀಲಿ ಗೆರೆಯ ಅಂಕಿ ಕತ್ತಲಲ್ಲಿ ಮಸುಕಾಗುವುದಕ್ಕೆ ನಿಮ್ಮ ಕಣ್ಣನ್ನು ದೂರಬೇಡಿ.

ಕೆಂಪಿನ ಗುಣ ಬೇರೆ. ದಂಡಕೋಶಗಳು ಗಾಢ ಕೆಂಪಿಗೆ ಹೆಚ್ಚೂಕಡಿಮೆ ಕುರುಡು. ಕೆಂಪು ಅಂಕಿಯನ್ನು ಶಂಕುಕೋಶಗಳು ಓದುತ್ತವೆ, ದಂಡಕೋಶಗಳ ಒಗ್ಗಿಕೆ ಕೆಡುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ರಾತ್ರಿ ಕಾವಲಿಗೆ ಹೋಗುವ ಮುನ್ನ ನಾವಿಕರು, ವಿಮಾನ ಚಾಲಕರು ಕೆಂಪು ಕನ್ನಡಕ ಹಾಕಿಕೊಂಡು ಕೂರುತ್ತಿದ್ದುದು ಇದಕ್ಕೇ. ಖಗೋಳವೀಕ್ಷಕರು ಇಂದಿಗೂ ಕೆಂಪು ಟಾರ್ಚ್ ಒಯ್ಯುತ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳಿರುವ ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲು ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನಕ್ಷತ್ರ ನೋಡಲು ಅಂಥ ಕಡೆ ಹೋಗುವವರು ವಾಚನ್ನೂ ಕೆಂಪಿಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಬಿಚ್ಚಿ ಜೇಬಿಗೆ ಹಾಕಬೇಕು. ಆಪಲ್ ಅಲ್ಟ್ರಾದಲ್ಲಿ, ಗಾರ್ಮಿನ್‌ನ ಕೆಲವು ಮಾದರಿಗಳಲ್ಲಿ ಇಡೀ ಸ್ಕ್ರೀನನ್ನು ಕೆಂಪು ಮಾಡುವ ಸೌಲಭ್ಯವಿದೆ. ಆದರೆ ಕೆಂಪು ಎಲ್ಲರಿಗೂ ಸರಿಹೊಂದದು. ಬಣ್ಣಗುರುಡಿನ ಒಂದು ಬಗೆಯಲ್ಲಿ ಕೆಂಪು ಬಹಳ ಕಪ್ಪಾಗಿ ಕಾಣುತ್ತದೆ. ಅಂಥವರಿಗೆ ಕಿತ್ತಳೆ ಅಥವಾ ಹಳದಿ ಮೇಲು.

ಕನ್ನಡಿಗರಿಗೆ ಇನ್ನೊಂದು ತೊಂದರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕನ್ನಡ ಸಂದೇಶ ಕೆಲವು ಅಗ್ಗದ ವಾಚುಗಳಲ್ಲಿ ಬರೀ ಚೌಕಗಳಾಗಿ ಬರುತ್ತದೆ. ಅಕ್ಷರ ಮೂಡಿದರೂ ನಮ್ಮ ಲಿಪಿಯ ಸುರುಳಿ, ಗುಣಿತ, ಕೆಳಗೆ ನೇತುಬಿದ್ದ ಒತ್ತಕ್ಷರಗಳಿಗೆ ಇಂಗ್ಲಿಷಿಗಿಂತ ಹೆಚ್ಚು ಜಾಗ, ಹೆಚ್ಚು ಚುಕ್ಕೆ ಬೇಕು. ಅದೇ ಗಾತ್ರದಲ್ಲಿ ತುರುಕಿ, ಬೆಳಕನ್ನೂ ಇಳಿಸಿದರೆ 'ಪ' ಯಾವುದು 'ಷ' ಯಾವುದು ಎಂದು ತಿಳಿಯುವುದು ಊಹೆಯಿಂದಲೇ. ಇಷ್ಟು ಕನ್ನಡಿಗರು ವಾಚು ಕೊಳ್ಳುವಾಗ ಕಂಪನಿಗಳು ಇದನ್ನು ಇನ್ನೂ ಸಣ್ಣ ವಿಷಯವೆಂದು ಬಿಟ್ಟಿರುವುದು ಉದಾಸೀನವಲ್ಲದೆ ಬೇರೇನಲ್ಲ.

ನಿದ್ದೆ, ಸ್ಟೀರಿಂಗ್, ಪಕ್ಕದವರು

ವಾಚಿನ ಬೆಳಕು ನಿದ್ದೆ ಕೆಡಿಸುತ್ತದೆಯೇ? ದೇಹದ ದಿನಚರಿಯನ್ನು ನಿಭಾಯಿಸುವ, ನೀಲಿ ಬೆಳಕಿಗೆ ಸ್ಪಂದಿಸುವ ವಿಶೇಷ ಕೋಶಗಳು ಕಣ್ಣಿನಲ್ಲಿರುವುದು 2002ರ ಹೊತ್ತಿಗೆ ಖಚಿತವಾಯಿತು. ಆದರೆ ವಾಚಿನ ಸ್ಕ್ರೀನು ಬಹಳ ಚಿಕ್ಕದು, ಉರಿಯುವುದು ಕೆಲವೇ ಸೆಕೆಂಡು, ಕಣ್ಣಿಗೆ ಸೇರುವ ಒಟ್ಟು ಬೆಳಕು ಅಲ್ಪ. ಫೋನು, ಟಿವಿಯ ಮುಂದೆ ಇದು ಏನೇನೂ ಅಲ್ಲ. ಮಗ್ಗುಲಾದಾಗಲೆಲ್ಲ ಸ್ಕ್ರೀನು ಹೊತ್ತಿ ಎಚ್ಚರವಾಗುವುದೇ ನಿಜವಾದ ಕಿರಿಕಿರಿ. ರಾತ್ರಿ ವಾಚಿನ ಅಡಿಯಿಂದ ಇಣುಕುವ ಹಸಿರು ಬೆಳಕು ಇನ್ನೊಂದು. ರಕ್ತ ಹಸಿರನ್ನು ಚೆನ್ನಾಗಿ ಹೀರುವುದರಿಂದ ನಾಡಿಮಿಡಿತ ಅಳೆಯಲು ಆ ದೀಪ ಬಳಸುತ್ತಾರೆ, ಪಟ್ಟಿ ಸಡಿಲವಾಗಿದ್ದರೆ ಹೊರಗೆ ಸೋರುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ರಾತ್ರಿ ವಾಹನ ಓಡಿಸುವವರ ವಿಷಯ. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಮಣಿಕಟ್ಟು ಮೇಲೇಳುತ್ತದೆ, ವಾಚು ತನ್ನನ್ನು ನೋಡಲು ಕೈ ಎತ್ತಿದರೆಂದುಕೊಂಡು ಹೊತ್ತಿಕೊಳ್ಳುತ್ತದೆ. ಎದುರು ವಾಹನದ ಹೈಬೀಮ್ ಸಾಲದೆಂಬಂತೆ ಕೈಯ ಮೇಲೆ ಇನ್ನೊಂದು. ಕೈ ಎತ್ತಿದರೆ ಬೆಳಗುವ ಈ ಸೌಲಭ್ಯವನ್ನು ಆಫ್ ಮಾಡುವ ದಾರಿ ಬಹುತೇಕ ಎಲ್ಲ ವಾಚಿನಲ್ಲೂ ಇದೆ. ಡ್ರೈವ್ ಮಾಡುವ ಮೊದಲು, ಮಲಗುವ ಮೊದಲು, ಸಿನಿಮಾ ಅಥವಾ ನಾಟಕಕ್ಕೆ ಕೂರುವ ಮೊದಲು ಅದನ್ನು ಆಫ್ ಮಾಡಿ. ಥಿಯೇಟರ್ ಮೋಡ್, ಸ್ಲೀಪ್ ಮೋಡ್ ಎಂಬ ಹೆಸರಿನಲ್ಲಿ ಒಂದೇ ಗುಂಡಿಗೆ ಇದನ್ನು ಕೊಟ್ಟಿರುತ್ತಾರೆ. ಸದಾ ಮಂದವಾಗಿ ಗಂಟೆ ತೋರಿಸುವ ಆಲ್ವೇಸ್ ಆನ್ ಸ್ಕ್ರೀನಿದ್ದರೆ ರಾತ್ರಿ ಕೈ ಎತ್ತದೆ ಕಣ್ಣನ್ನಷ್ಟೇ ಹೊರಳಿಸಿ ನೋಡಬಹುದು. ಅದಕ್ಕೆ ಬ್ಯಾಟರಿಯ ದಂಡ ತೆರಬೇಕು.

ಕೊಳ್ಳುವ ಮುನ್ನ

ಅಂಗಡಿಯ ಝಗಮಗದಲ್ಲಿ ಎಲ್ಲ ವಾಚುಗಳೂ ಚೆನ್ನಾಗಿಯೇ ಕಾಣುತ್ತವೆ. ಬ್ರೈಟ್‌ನೆಸ್ ಪೂರ್ತಿ ಇಳಿಸಲು ಹೇಳಿ, ಎರಡೂ ಅಂಗೈ ಗೂಡು ಮಾಡಿ ಅದರೊಳಗೆ ವಾಚನ್ನು ನೋಡಿ. ಗಂಟೆಯ ಜೊತೆಗೆ ತಾರೀಕೂ ಓದಲು ಬರುತ್ತದೆಯೇ, ಬೂದುಬಣ್ಣದಲ್ಲಿ ಕಲೆ ಕಾಣುತ್ತದೆಯೇ, ಕನ್ನಡದ ಒಂದು ಸಂದೇಶ ಕಳಿಸಿದರೆ ಏನು ಬರುತ್ತದೆ, ಆಟೊ ಬ್ರೈಟ್‌ನೆಸ್ ಇದೆಯೇ, ಇವನ್ನೆಲ್ಲ ಅಲ್ಲೇ ಕೇಳಿ ತಿಳಿಯಿರಿ. ಮನೆಗೆ ಬಂದ ಮೇಲೆ ಕಪ್ಪು ಹಿನ್ನೆಲೆಯ, ದಪ್ಪ ಅಂಕಿಯ ಮುಖವೊಂದನ್ನು ರಾತ್ರಿಗೆಂದೇ ಇಟ್ಟುಕೊಳ್ಳಿ.

2023ರಲ್ಲಿ ಸೀರೀಸ್ 9 ವಾಚು ಬಿಟ್ಟಾಗ ಆಪಲ್ ಗರಿಷ್ಠ 2000 ನಿಟ್ಸ್ ಜೊತೆಗೆ ಕನಿಷ್ಠ 1 ನಿಟ್ ಎಂಬುದನ್ನೂ ಹೇಳಿತು. ಎರಡು ಸಾವಿರ ರೂಪಾಯಿಯ ವಾಚಿನ ಡಬ್ಬಿಯ ಮೇಲೂ ಆ ಎರಡನೆಯ ಅಂಕಿ ಅಚ್ಚಾಗಬೇಕು. ಗಿರಾಕಿಗಳು ಕೇಳಲು ಶುರುಮಾಡಿದರೆ ಕಂಪನಿಗಳು ಅಚ್ಚುಹಾಕುತ್ತವೆ.